ಖಂಡೇನವಮಿಗೆ ತೊಳೆದ ಕಾರು

ಸುಮೇಧ ಕಾಂಬಳೆಗೆ ಕೆಲಸ ಬರುವುದಿಲ್ಲ ಎಂದು ಯಾರಾದರೂ ನನ್ನ ಖಾನಾವಳಿಯಲ್ಲಿ ಕೂತು ಮಾತು ತೆಗೆದರೆ ನಾನು ಅವರಿಗೆ ಎರಡನೇ ಸಲ ಪಲ್ಯ ನೀಡುವುದಿಲ್ಲ. ರೊಟ್ಟಿ ಬೇಕಿದ್ದರೆ ತಾವೇ ಎದ್ದು ತೆಗೆದುಕೊಳ್ಳಲಿ. ಉಗಾರ ಬುದ್ರುಕದಲ್ಲಿ ನನ್ನನ್ನು ಸಿಟ್ಟಿನ ಸುಗಂಧಾ ಎನ್ನುತ್ತಾರೆ. ಅನ್ನಲಿ. ನಿಜ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಯುವವಳಿಗೆ ಸಿಟ್ಟು ಬರದೆ ಮತ್ತೇನು ಬರುತ್ತದೆ? ನೀವು ಈ ಊರಿನವರಲ್ಲ, ಅದಕ್ಕೇ ನಿಮಗೆ ಹೇಳುತ್ತೇನೆ.

ನನ್ನ ಖಾನಾವಳಿಯ ಎದುರಿಗೆ, ಕಾಗವಾಡದ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಒಂದು ಪತ್ರಾಸ್ ತಗಡಿನ ಶೆಡ್ಡು ಇತ್ತು. ಅದರಲ್ಲಿ ಇಬ್ಬರು ಕೂಡಿ ಗಾಡಿ ರಿಪೇರಿ ಮಾಡುತ್ತಿದ್ದರು. ಇಂಜಿನ್ನು, ಗೇರು, ಬ್ರೇಕು ಎಲ್ಲ ಜಕ್ಕಪ್ಪನ ಪಾಲು. ವಾಯರು, ಬ್ಯಾಟರಿ, ದೀಪ ಸುಮೇಧನ ಪಾಲು. ಜಕ್ಕಪ್ಪ ಅಥಣಿ ಕಡೆಯ ಕುರುಬರವನು, ಚಿಂಚಲಿ ಮಾಯಕ್ಕನ ಭಂಡಾರ ಹಣೆಗೆ ಬಳಿದುಕೊಳ್ಳದೆ ನಟ್ಟು ಬಿಚ್ಚುವ ಪಾನಾ ಮುಟ್ಟುವ ಆಸಾಮಿಯಲ್ಲ. ಸುಮೇಧನ ಮನೆಯವರು ಬುದ್ಧನನ್ನು ನಂಬಿದವರು. ಅವನ ಕಡೆಯ ಗೋಡೆಗೆ ಬುದ್ಧನ ಫೋಟೋ ಇತ್ತು, ಅದರ ಕೆಳಗಿನ ಮೊಳೆಗೆ ಟೆಸ್ಟರು. ಇವರಿಬ್ಬರದು ಒಂದು ವರ್ಷವೂ ನಡೆಯುವುದಿಲ್ಲ ಎಂದು ಊರು ಹೇಳಿತ್ತು. ಇಬ್ಬರೂ ದಿನಾ ಮಧ್ಯಾಹ್ನ ನನ್ನಲ್ಲಿಗೆ ಬಂದು ಒಂದೇ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದರು. ಜಕ್ಕಪ್ಪ ಬಾಯಿ ತುಂಬ ಮಾತಾಡುವನು, ಸುಮೇಧ ಹೂಂ ಎನ್ನುವನು.

ಸುಮೇಧನ ಅಪ್ಪ ಗುರಪ್ಪ ಹುಟ್ಟಿದಾರಭ್ಯ ಮಂದಿಯ ಕಬ್ಬು ಕಡಿದವನು. ಮಗ ಕುಡಗೋಲು ಹಿಡಿಯಬಾರದು ಎಂದು ಅವನನ್ನು ಮೋಟಾರ್ ವೈಂಡಿಂಗ್ ಕಲಿಯಲು ಹಾಕಿದ. ಅಲ್ಲಿಂದ ಇವನು ನಿಪ್ಪಾಣಿಯ ಹೆದ್ದಾರಿ ಗ್ಯಾರೇಜಿಗೆ ಹೋದ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ. ಕೊಲ್ಹಾಪುರದಲ್ಲಿ ಗಾಡಿಯ ಹುಚ್ಚು ಹಿಡಿದ ಮಂದಿ ಬಹಳ. ಅಲ್ಲಿ ಅವನು ಲ್ಯಾಪ್‌ಟಾಪು ಹಚ್ಚಿ ಇಂಜಿನ್ನಿನ ಸಂಗಡ ಮಾತಾಡುವುದನ್ನು ಕಲಿತ. ಪಾಲಬಾವಿಯ ಸಾರಿಕಾಳನ್ನು ಮದುವೆಯಾದ ಮೇಲೆ ಊರಿಗೆ ಮರಳಿದ, ಯಾಕೆಂದರೆ ಅವಳಿಗೆ ಇಲ್ಲಿ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತ್ತು. ಆಗ ಜಕ್ಕಪ್ಪನೇ ತನ್ನ ಅರ್ಧ ಶೆಡ್ಡು ಬಿಟ್ಟುಕೊಟ್ಟ. ಸಾರಿಕಾ ಪ್ರತಿ ವರ್ಷ ಜಕ್ಕಪ್ಪನಿಗೆ ರಾಖಿ ಕಟ್ಟುತ್ತಿದ್ದಳು. ಆ ದಾರ ಎಣ್ಣೆ ಕುಡಿದು ಕರ್ರಗಾಗಿ ತಾನಾಗಿ ಹರಿದು ಬೀಳುವ ತನಕ ಅವನು ಬಿಚ್ಚುತ್ತಿರಲಿಲ್ಲ.

2007ರಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಆ ಹಾಳು ಕಾರು ಬಂತು. ಅಥಣಿಯಲ್ಲಿ ದ್ರಾಕ್ಷಿ ತೋಟ ಇರುವ ಬಾಬಾಸಾಹೇಬರ ಮಗ ರೋಹನ ಅದನ್ನು ಪುಣೆಯಿಂದ ತಂದಿದ್ದ. ಜರ್ಮನಿಯ ಕಡೆಯ ಗಾಡಿ, ಬೆಳ್ಳಗೆ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವಂಥದ್ದು. ಇದ್ದದ್ದು ಸಾಲದೆಂದು ಅದಕ್ಕೆ ದೊಡ್ಡ ಟರ್ಬೊ ಹಾಕಿಸಿದ್ದ, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳನ್ನೂ ದೊಡ್ಡವು ಮಾಡಿಸಿದ್ದ. ಇಂಥ ಗಾಡಿಗಳಲ್ಲಿ ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹಾರಿಸಬೇಕು ಎಂದು ಹೇಳುವ ಒಂದು ಪೆಟ್ಟಿಗೆ ಇರುತ್ತದಂತೆ. ಜಕ್ಕಪ್ಪ ಅದಕ್ಕೆ ಗಾಡಿಯ ಮೆದುಳು ಎನ್ನುತ್ತಿದ್ದ. ಕಂಪನಿಯವರು ಇಟ್ಟ ಮೆದುಳಿಗೆ ಈ ಹೊಸ ದೊಡ್ಡಸ್ತಿಕೆ ತಿಳಿಯಲಿಲ್ಲ. ಅದಕ್ಕೇ ರೋಹನ ಪರದೇಶದಿಂದ ಬೇರೆ ಪೆಟ್ಟಿಗೆ ತರಿಸಿದ. ಪ್ಲಗ್ ಆ್ಯಂಡ್ ಪ್ಲೇ ಎಂದು ಅದರ ಡಬ್ಬಿಯ ಮೇಲೇ ಬರೆದಿತ್ತು. ಹಳೆಯದರ ಪ್ಲಗ್ಗು ಕಿತ್ತು ಹೊಸದಕ್ಕೆ ಚುಚ್ಚಿದರೆ ಸಾಕು, ಒಂದು ವಾಯರನ್ನೂ ಕತ್ತರಿಸಬೇಕಿಲ್ಲ.

"ಚುಚ್ಚೂದಷ್ಟ ಇದ್ರ ವಾರಗಟ್ಟಲೆ ಅದರ ಮುಂದ ಯಾಕ ಕುಂತೀಯೋ?" ಎಂದು ನಾನು ಸುಮೇಧನನ್ನು ಕೆಣಕಿದೆ.

ಅವನು ರೊಟ್ಟಿ ಮುರಿಯುವುದನ್ನು ಬಿಟ್ಟು ಸ್ವಲ್ಪ ವಿಚಾರ ಮಾಡಿದ. "ಹೊಸಾ ಸೊಸಿ ಬಂದಂಗ ಅಕ್ಕಾ. ಅಡಗಿ ಮಾಡಾಕ ಬರತೈತಿ ಆಕಿಗೆ. ಆದ್ರ ಈ ಮನಿ ಮಂದಿಗೆ ಎಷ್ಟ ಖಾರ ಬೇಕು, ಎಷ್ಟ ಉಪ್ಪ ಬೇಕು ಅಂತ ಗೊತ್ತಿರೂದಿಲ್ಲ. ಅದನ್ನ ಕಲಿಸಾಕತ್ತೇನಿ."

ಅಷ್ಟು ಉದ್ದದ ಮಾತನ್ನು ಅವನ ಬಾಯಿಂದ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಅವನಿಗೆ ಆ ಕಾರಿನ ಮೇಲೆ ಅಷ್ಟು ಜೀವ ಯಾಕಿತ್ತು ಎನ್ನುವುದು ನನಗೆ ಗೊತ್ತು. ಸಾರಿಕಾ ಬಸುರಿ. ಅದಕ್ಕೂ ಮೊದಲು ಎರಡು ಸಲ ಹೊಟ್ಟೆಯಲ್ಲಿದ್ದದ್ದು ಉಳಿದಿರಲಿಲ್ಲ. ಈ ಸಲ ಎಂಟನೇ ತಿಂಗಳ ತನಕ ಬಂದಿತ್ತು. ಆದರೆ ಮಿರಜಿನ ಡಾಕ್ಟರಬಾಯಿ ತಪಾಸಣೆ ಮಾಡಿ, ಕೂಸಿನ ಮಾಸು ಕೆಳಗೆ ಗರ್ಭದ ಬಾಯಿಗೆ ಅಡ್ಡ ಕೂತಿದೆ, ಒಂದು ಹನಿ ರಕ್ತ ಕಂಡರೂ ಮನೆಯಲ್ಲಿ ಕೂಡಬೇಡಿರಿ, ಕೂಡಲೇ ಕರಕೊಂಡು ಬನ್ನಿರಿ, ತಡವಾದರೆ ಕೂಸೂ ಇಲ್ಲ ತಾಯಿಯೂ ಇಲ್ಲ ಎಂದು ಹೇಳಿದ್ದಳು. ದಸರಾ ಮುಗಿದ ಮೇಲೆ ಮಿರಜಿನಲ್ಲೇ ನೆಂಟರ ಮನೆಯಲ್ಲಿ ಹೋಗಿ ಇರುವುದೆಂದು ಠರಾವಾಗಿತ್ತು. ಅಲ್ಲಿಯ ತನಕ ಊರಲ್ಲಿ ಒಂದು ಗಾಡಿ ತಯಾರಿರಬೇಕು. ಆಗ ನಮ್ಮ ಕಡೆ ಫೋನು ಮಾಡಿದರೆ ಓಡಿ ಬರುವ ಸರಕಾರಿ ಗಾಡಿ ಎಲ್ಲಿತ್ತು?

ರೋಹನ ದೊಡ್ಡವರ ಮಗನಾದರೂ ಒಳ್ಳೆಯ ಹುಡುಗ. "ಸುಮೇಧಣ್ಣಾ, ಗಾಡಿ ನಿಮ್ಮ ಶೆಡ್ಡಿನ್ಯಾಗ ಇರಲಿ. ವೈನಿಗೆ ಏನರೆ ಆದ್ರ ನನ್ನ ಕೇಳಾಕ ಹೋಗಬ್ಯಾಡ್ರಿ, ಒಯ್ದು ಬಿಡ್ರಿ. ಇದರಷ್ಟ ಲಗೂ ಮಿರಜ ಮುಟ್ಟಿಸೂ ಗಾಡಿ ಈ ಸೀಮಿಯೊಳಗ ಇಲ್ಲ" ಎಂದು ಅವನೇ ಹೇಳಿ ಹೋದ.

ಅಂದಿನಿಂದ ಸುಮೇಧ ಆ ಗಾಡಿಯನ್ನು ರೋಹನನ ಸಲುವಾಗಿ ರಿಪೇರಿ ಮಾಡಲಿಲ್ಲ, ಸಾರಿಕಾಳ ಸಲುವಾಗಿ ಮಾಡಿದ. ದಿನಾ ಬೆಳಿಗ್ಗೆ ಇಂಜಿನ್ನು ತಣ್ಣಗಿರುವಾಗ ಬಂದು ಕೀಲಿ ತಿರುವುತ್ತಿದ್ದ. ಹೊತ್ತಿಕೊಳ್ಳಲು ತುಸು ತಡವಾದರೂ ಅವನ ಮುಖ ಬಿಳುಚಿಕೊಳ್ಳುತ್ತಿತ್ತು. ಲ್ಯಾಪ್‌ಟಾಪು ಹಚ್ಚಿ ಏನೋ ತಿದ್ದುವನು, ಮರುದಿನ ಮತ್ತೆ ತಿರುವುವನು. ಖಂಡೇನವಮಿ ಬರುವ ಹೊತ್ತಿಗೆ ಆ ಗಾಡಿ ಕೀಲಿ ಮುಟ್ಟಿದರೆ ಸಾಕು ಗುರ್ ಎನ್ನುತ್ತಿತ್ತು. ಸಾರಿಕಾಳನ್ನು ಕೂಡಿಸಿಕೊಂಡು ಕಾಗವಾಡದ ತನಕ ಮೆಲ್ಲಗೆ ಒಂದು ಸುತ್ತು ಹೋಗಿ ಬಂದ. ಇಳಿದವಳು ನನ್ನ ಕಡೆ ನೋಡಿ ನಕ್ಕಳು. "ಅಕ್ಕಾ, ಹೊಟ್ಟಿ ಅಲಗಾಡಲಿಲ್ಲ" ಎಂದಳು. ಆ ನಗು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಒಂದೇ ಕೆಲಸ ಬಾಕಿ ಇತ್ತು. ಹಳೆಯ ಪೆಟ್ಟಿಗೆ ಮುಂದಿನ ಗಾಜಿನ ಬುಡದಲ್ಲಿ, ಮಳೆ ನೀರು ತಾಗದ ಮುಚ್ಚಿದ ಜಾಗದಲ್ಲಿ ಕೂಡುತ್ತಿತ್ತು. ಹೊಸದು ತುಸು ದೊಡ್ಡದು. ಅದರ ಪ್ಲಗ್ಗಿನ ವಾಯರುಗಳೂ ಸೇರಿ ಅಲ್ಲಿ ಹಿಡಿಸಲಿಲ್ಲ, ಮುಚ್ಚಳ ಕೂಡಲಿಲ್ಲ. ಲೇತಿನವನಿಂದ ಹೊಸ ಮುಚ್ಚಳ ಮಾಡಿಸಬೇಕಿತ್ತು, ಲೇತಿನವನು ದಸರಾ ಆಗಲಿ ಎಂದಿದ್ದ. ಅಲ್ಲಿಯ ತನಕ ಸುಮೇಧ ಪೆಟ್ಟಿಗೆಯನ್ನು ಇಂಜಿನ್ನಿನ ಮಗ್ಗುಲಿಗೆ ಕಟ್ಟಿ, ದಪ್ಪ ಪ್ಲಾಸ್ಟಿಕ್ಕು ಸುತ್ತಿ, ಟೇಪು ಹಚ್ಚಿ ಇಟ್ಟಿದ್ದ.

ಇನ್ನು ಖಂಡೇನವಮಿಯ ಮಾತು. ನಮ್ಮ ಕಡೆ ಆ ದಿನ ಕಸುಬಿನ ಸಾಮಾನೆಲ್ಲ ದೇವರು. ಕುಡಗೋಲು, ಕತ್ತರಿ, ತಕ್ಕಡಿ, ನನ್ನ ರೊಟ್ಟಿಯ ಹಂಚು, ಎಲ್ಲವನ್ನೂ ತಿಕ್ಕಿ ತೊಳೆದು ಅರಿಷಿಣ ಕುಂಕುಮ ಹಚ್ಚಿ ಪೂಜೆಗೆ ಇಡುತ್ತೇವೆ. ಇಟ್ಟದ್ದನ್ನು ಮರುದಿನ ಬನ್ನಿ ಕೊಡುವ ತನಕ ಎತ್ತುವುದಿಲ್ಲ. ಗಾಡಿಗಳನ್ನೂ ಹಾಗೇ. ಬೆಳಗಾದರೆ ಬೋರಿನ ಪೈಪು ಹಿಡಿದು ಟ್ರಾಕ್ಟರಿನಿಂದ ಲೂನಾದ ತನಕ ಜಳಕ ಮಾಡಿಸುತ್ತಾರೆ. ಬಾನೆಟ್ಟು ಎತ್ತಿ ಇಂಜಿನ್ನಿಗೂ ನೀರು ಹೊಡೆಯುತ್ತಾರೆ, ಯಾಕೆಂದರೆ ಹೊರಗೆ ಅಷ್ಟೇ ತೊಳೆದು ಒಳಗೆ ಹೊಲಸು ಬಿಟ್ಟರೆ ಅದು ಪೂಜೆಯೇ ಅಲ್ಲ. ಜಕ್ಕಪ್ಪ ಇಪ್ಪತ್ತು ವರ್ಷ ಡೀಸೆಲ್ ಗಾಡಿಗಳನ್ನು ಹೀಗೇ ತೊಳೆದಿದ್ದ. ಒಂದೂ ಕೆಮ್ಮಿರಲಿಲ್ಲ.

ಆ ಬೆಳಿಗ್ಗೆ ಸುಮೇಧ ಎಂದಿನಂತೆ ಬಂದು ಕೀಲಿ ತಿರುವಿ ನೋಡಿ ಹೋಗಿದ್ದ, ಆಮೇಲೆ ಶೆಡ್ಡಿನಲ್ಲಿ ಇರಲಿಲ್ಲ. ಮರುದಿನ ವಿಜಯದಶಮಿಗೆ ಅವರ ಬುದ್ಧವಿಹಾರದಲ್ಲಿ ಕಾರ್ಯಕ್ರಮ, ಅಲ್ಲಿ ದೀಪದ ಸರ ಕಟ್ಟುತ್ತಿದ್ದ. ಇತ್ತ ಜಕ್ಕಪ್ಪ ಧೋತರದ ಕಚ್ಚೆ ಮೇಲೆ ಕಟ್ಟಿ ಪೈಪು ಹಿಡಿದಿದ್ದ. ತನ್ನ ಪಾನಾಗಳನ್ನು ಆಗಲೇ ತೊಳೆದು ದಾರ ಸುತ್ತಿ ಮೂಲೆಯಲ್ಲಿ ಪೂಜೆಗೆ ಹೂಡಿದ್ದ. ಕಾರನ್ನು ಅವನು ತಿಕ್ಕಿದ ರೀತಿ ನೋಡಬೇಕಿತ್ತು, ಮದುವೆ ಬಂಡಿಯ ಎತ್ತಿಗೂ ಯಾರೂ ಅಷ್ಟು ಉಪಚಾರ ಮಾಡಲಿಕ್ಕಿಲ್ಲ. ನಾನು ಒಲೆಯ ಮುಂದಿನಿಂದಲೇ, "ಮಂದಿ ಗಾಡಿಗೆ ಇಷ್ಟ್ಯಾಕ ಬೆವರ ಸುರಸತೀಯೋ ಜಕ್ಕಾ?" ಎಂದು ಕೇಳಿದೆ.

"ಮಂದಿ ಗಾಡಿ ಅಲ್ಲ ಬೇ ಇದು. ನನ್ನ ತಂಗಿ ಕುಂಡ್ರೂ ಗಾಡಿ" ಎಂದ.

ಆಮೇಲೆ ಅವನು ಬಾನೆಟ್ಟು ಎತ್ತಿದ. ನೀರು ಹೊಡೆದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಮೆದುಳಿಗೆ ಕುಂಕುಮ ಹಚ್ಚುವುದು ಹೇಗೆ? ಮುಸುಕು ಹಾಕಿದ ದೇವರಿಗೆ ಯಾರಾದರೂ ಪೂಜೆ ಮಾಡುತ್ತಾರೆಯೇ? ಟೇಪು ಬಿಚ್ಚಿ ಪ್ಲಾಸ್ಟಿಕ್ಕು ತೆಗೆದು, ಪೆಟ್ಟಿಗೆಯನ್ನು ಹಸಿ ಅರಿವೆಯಿಂದ ಒರೆಸಿ, ಅರಿಷಿಣ ಕುಂಕುಮವನ್ನು ನೀರಾಗಿ ಕಲಸಿ ಪ್ಲಗ್ಗಿನ ತನಕ ಬಳಿದು, ಊದಿನಕಡ್ಡಿ ಬೆಳಗಿ, ಕೈ ಮುಗಿದ. ಹೊಟ್ಟೆಯಲ್ಲಿಯ ಕೂಸಿನ ಹೆಸರು ಗೊತ್ತಿಲ್ಲವಲ್ಲ, ಸಾರಿಕಾಳ ಹೆಸರು ಹೇಳಿಯೇ ಕಾಯಿ ಒಡೆದ. ಮತ್ತೆ ಪ್ಲಾಸ್ಟಿಕ್ಕು ಸುತ್ತಿದ. ಅದನ್ನೂ ಶ್ರದ್ಧೆಯಿಂದಲೇ ಸುತ್ತಿದ. ಒಳಗೆ ಹೋದ ನೀರು ಹೊರಗೆ ಬರಲು ದಾರಿ ಉಳಿಯಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಸುಮೇಧನ ತಾಯಿ ತುಳಸವ್ವ ರಸ್ತೆಯ ಮೇಲೆ ಓಡುತ್ತ ಬಂದಳು. ಆ ಮುದುಕಿ ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. "ಸಾರಿಕಾನ ಸೀರಿ ಪೂರ್ತಿ ರಕ್ತದಾಗ ಒದ್ದಿ ಆಗೇತಿ" ಎಂದಳು. ನಾನು ಒಲೆ ಬಿಟ್ಟು ಎದ್ದೆ. ಯಾರೋ ಸುಮೇಧನಿಗೆ ಫೋನು ಹಚ್ಚಿದರು. ಅವನು ವಿಹಾರದ ಏಣಿಯಿಂದ ಹಾರಿ ಓಡಿ ಬಂದ, ಕೈಯಲ್ಲಿ ಇನ್ನೂ ಇಕ್ಕಳ ಇತ್ತು. ಜಕ್ಕಪ್ಪ ಮತ್ತು ಅವನು ಸಾರಿಕಾಳನ್ನು ಎತ್ತಿಕೊಂಡು ಬಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಅಳಲಿಲ್ಲ. ಸುಮೇಧನ ಬೆನ್ನನ್ನೇ ನೋಡುತ್ತಿದ್ದಳು.

ಅವನು ಕೀಲಿ ತಿರುವಿದ. ಇಂಜಿನ್ನು ತಿರುಗಿತು, ಹೊತ್ತಲಿಲ್ಲ. ಮತ್ತೆ ತಿರುವಿದ. ಒಮ್ಮೆ ಕೆಮ್ಮಿತು, ನಿಂತಿತು. ಗಾಡಿಯ ತುಂಬ ಪೆಟ್ರೋಲಿನ ವಾಸನೆ.

ಲ್ಯಾಪ್‌ಟಾಪು ಹಚ್ಚಿದ. ಅದರಲ್ಲಿ ಕಂಡದ್ದನ್ನು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ. ಪೆಟ್ಟಿಗೆ ಒಂದು ಕ್ಷಣ ಇಂಜಿನ್ನು ಕುದಿಯುತ್ತಿದೆ ಎನ್ನುತ್ತಿತ್ತು, ಮರು ಕ್ಷಣ ಹಿಮದಲ್ಲಿ ಹೂತಿದೆ ಎನ್ನುತ್ತಿತ್ತು. ಹಿಮದಲ್ಲಿದೆ ಎಂದು ತಿಳಿದಾಗಲೆಲ್ಲ ಪೆಟ್ರೋಲು ಸುರಿದು ಸುರಿದು ಇಂಜಿನ್ನಿನ ಬಾಯಿ ಕಟ್ಟಿಸಿತ್ತು. ಅಕ್ಟೋಬರದ ಬಿಸಿಲಿನಲ್ಲಿ ನಮ್ಮ ಉಗಾರದಲ್ಲಿ ಹಿಮ!

"ಬ್ಯಾರೆ ಗಾಡಿ ನೋಡೂಣು ನಡಿ" ಎಂದೆ ನಾನು.

"ಈಗ ಆಗತೈತಿ ಅಕ್ಕಾ. ಇವತ್ತ ಮುಂಜಾನಿ ತಿರುವಿದ್ದೆ, ಒಂದ ಏಟಿಗೆ ಹತ್ತಿತ್ತು. ಈಗ ಆಗತೈತಿ."

ಈಗ ಆಗತೈತಿ. ಆ ಮಾತನ್ನು ಅವನು ಎಷ್ಟು ಸಲ ಹೇಳಿದನೋ. ನಾವೂ ನಂಬಿದೆವು, ಅದೇ ನಮ್ಮ ಹಾಳು ಹಣೆಬರಹ. ಅಷ್ಟು ದಿನ ಅವನ ಕೈಯಲ್ಲಿ ಗುರ್ ಎಂದ ಗಾಡಿ ಇಂದು ಯಾಕೆ ಆಗುವುದಿಲ್ಲ ಎಂದುಕೊಂಡೆವು. ತುಳಸವ್ವ ಓಣಿಯಲ್ಲಿ ಬೇರೆ ಗಾಡಿ ಕೇಳಲು ಹೋದಳು. ಒಬ್ಬನ ಟ್ರಾಕ್ಸ್ ಜೀಪು ಚಿಂಚಲಿಗೆ ಹೋಗಿತ್ತು. ಇನ್ನೊಬ್ಬನ ಗಾಡಿ ಹಾರ ಹಾಕಿಕೊಂಡು ಅಂಗಳದಲ್ಲೇ ಇತ್ತು. ಕೀಲಿ ಪೂಜೆಗೆ ಇಟ್ಟೇವಿ, ಯಜಮಾನ್ರು ಬರಲಿ, ಕೇಳಿ ಕೊಡತೇವಿ ಎಂದರಂತೆ ಒಳಗಿನವರು. ಯಜಮಾನರು ಬರುವ ತನಕ ರಕ್ತ ನಿಂತು ಕಾಯುತ್ತದೆಯೇ?

ಸುಮೇಧ ಬಾನೆಟ್ಟು ಎತ್ತಿದ. "ಜಕ್ಕಣ್ಣಾ, ಕಿಡಿ ಪ್ಲಗ್ ಬಿಚ್ಚಬೇಕು, ಪಾನಾ ತಾ" ಎಂದ. ಪಾನಾಗಳು ಪೂಜೆಯಲ್ಲಿದ್ದವು. ದೀಪ ಇನ್ನೂ ಉರಿಯುತ್ತಿತ್ತು. ಜಕ್ಕಪ್ಪ ಒಂದು ಕ್ಷಣವೂ ಅನುಮಾನಿಸಲಿಲ್ಲ. ಒಳಗೆ ಓಡಿ, ಒಮ್ಮೆ ಕಣ್ಣಿಗೆ ಒತ್ತಿಕೊಂಡು, ಸುತ್ತಿದ ದಾರವನ್ನು ಹಲ್ಲಿನಿಂದ ಹರಿಯುತ್ತ ನಿಂತ.

ಅವನು ಒಳಗಿದ್ದಾಗ ನಾನು ನೀರು ತರಲೆಂದು ಕಾರಿನಿಂದ ಇಳಿದು ಮುಂದೆ ಬಂದೆ. ಅದೇ ಹೊತ್ತಿಗೆ ಸುಮೇಧ ಪ್ಲಾಸ್ಟಿಕ್ಕು ಹರಿದು ಪೆಟ್ಟಿಗೆಯ ಪ್ಲಗ್ಗು ಕಿತ್ತ. ಪ್ಲಗ್ಗಿನ ಒಳಗಿನಿಂದ ಅವನ ಅಂಗೈಗೆ ನೀರು ಸುರಿಯಿತು. ಕೆಂಪು ನೀರು. ಕುಂಕುಮ ಕರಗಿದ ನೀರು. ನಾನು ನೋಡಿದೆ. ಅವನು ನನ್ನನ್ನು ನೋಡಿದ. ಜಕ್ಕಪ್ಪ ಪಾನಾ ಹಿಡಿದು ಹೊರಗೆ ಬರುವಷ್ಟರಲ್ಲಿ ಸುಮೇಧ ಆ ಕೈಯನ್ನು ತನ್ನ ಪ್ಯಾಂಟಿಗೆ ಒರೆಸಿಕೊಂಡಿದ್ದ.

ಊದಿ ಊದಿ ಪ್ಲಗ್ಗಿನ ಮುಳ್ಳುಗಳನ್ನು ಒಣಗಿಸಲು ನೋಡಿದ. ಬನಿಯನ್ನು ಹರಿದು ಒಳಗೆ ತುರುಕಿ ಒರೆಸಿದ. ಜಕ್ಕಪ್ಪ ಇಂಜಿನ್ನಿನ ಕಿಡಿ ಪ್ಲಗ್ಗುಗಳನ್ನು ಬಿಚ್ಚಿದ, ಎಲ್ಲ ಪೆಟ್ರೋಲಿನಲ್ಲಿ ನೆಂದು ಹೋಗಿದ್ದವು. ಹಳೆಯ ಪೆಟ್ಟಿಗೆ ಅಥಣಿಯಲ್ಲಿ ರೋಹನನ ಮನೆಯಲ್ಲಿತ್ತು. ಜಕ್ಕಪ್ಪ ಒಂದೊಂದನ್ನೇ ಒರೆಸುತ್ತ, "ಯಾಕೋ ಸುಮ್ಯಾ, ಯಾಕ ಹತ್ತವಲ್ದೋ" ಎನ್ನುತ್ತಿದ್ದ. ಸುಮೇಧ ಮತ್ತೆ ಪೆಟ್ಟಿಗೆಯ ಪ್ಲಗ್ಗಿನ ಮೇಲೆ ಬಾಗಿ ಊದಿದ.

ಕಾರಿನ ಬಾಗಿಲು ತೆರೆದ ಸಪ್ಪಳವಾಯಿತು. ನೋಡಿದರೆ ಸಾರಿಕಾ ಇಳಿಯುತ್ತಿದ್ದಾಳೆ. ಬಾಗಿಲು ಹಿಡಿದು ನಿಂತಳು, ಕಾಲ ಕೆಳಗೆ ಮಣ್ಣು ಕೆಂಪಾಯಿತು.

"ನಿಮ್ಮ ಗಾಡಿ ಆಮ್ಯಾಲ ರಿಪೇರಿ ಮಾಡ್ಕೋರಿ" ಎಂದಳು, ಅಷ್ಟೇ.

ಮೂವರೂ ಓಡಿ ಹಿಡಿದೆವು. ಅವಳು ರಸ್ತೆಯ ಕಡೆಗೇ ನಡೆದಳು. ಹೊಳೆಯ ಕಡೆಯಿಂದ ಭೀಮಸಿಯ ಹಾಲಿನ ಟೆಂಪೋ ಬಂತು. ಹಾಲಿಗೆ ಖಂಡೇನವಮಿ ಇಲ್ಲವಲ್ಲ, ಎಮ್ಮೆ ಹಬ್ಬ ಅಂತ ಹಿಂಡಿಸಿಕೊಳ್ಳದೆ ಇರುತ್ತದೆಯೇ. ನಾನು ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತೆ. ಭೀಮಸಿ ನಮ್ಮನ್ನು ನೋಡಿದವನೇ ಕೇಳದೆ ಕ್ಯಾನುಗಳನ್ನು ರಸ್ತೆಯ ಬದಿಗೆ ಇಳಿಸಿದ, ಇಳಿಯದ್ದನ್ನು ಉರುಳಿಸಿದ. ಹಾಲು ಹರಿದು ಚರಂಡಿಗೆ ಹೋಯಿತು. ಆ ಟೆಂಪೋದ ತಗಡಿನ ಮೇಲೆ ನನ್ನ ಸೀರೆ ಹಾಸಿ, ನಾನು ಜಕ್ಕಪ್ಪನ ಧೋತರ ಉಟ್ಟುಕೊಂಡು, ಕುಲುಕುತ್ತ ಕುಲುಕುತ್ತ ಮಿರಜಿಗೆ ಹೋದೆವು. ದಾರಿಯುದ್ದಕ್ಕೂ ಸಾರಿಕಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಕಾಗವಾಡ ದಾಟಿದ ಮೇಲೆ ಒಮ್ಮೆ ನನ್ನ ಕಡೆ ತಿರುಗಿ, "ಅಕ್ಕಾ, ಸುಮ್ಮನಾತು" ಎಂದಳು. ಏನು ಸುಮ್ಮನಾಯಿತು ಎಂದು ನಾನು ಕೇಳಲಿಲ್ಲ.

ಹೆಣ್ಣು ಕೂಸು. ಸಾರಿಕಾಳನ್ನು ಉಳಿಸಿಕೊಂಡರು, ಗರ್ಭಚೀಲ ತೆಗೆದರು. ಇನ್ನಷ್ಟು ಮೊದಲೇ ತಂದಿದ್ದರೆ ಎಂದು ಡಾಕ್ಟರಬಾಯಿ ಶುರು ಮಾಡಿದವಳು ಸುಮೇಧನ ಮುಖ ನೋಡಿ ನಿಲ್ಲಿಸಿದಳು.

ಆಸ್ಪತ್ರೆಯ ವರಾಂಡದಲ್ಲಿ ಜಕ್ಕಪ್ಪ ಗೋಡೆಗೆ ಒರಗಿ ಕುಸಿದು ಕೂತಿದ್ದ. ನಾನು ಅವನ ಮಗ್ಗುಲಿಗೇ ಇದ್ದೆ. ಅವನಿಗೆ ಆಗ ಹೊಳೆದಿರಬೇಕು. ಸುಮೇಧನ ಎರಡೂ ಕೈ ಹಿಡಿದುಕೊಂಡ.

"ನಾ ಮುಂಜಾನಿ ಗಾಡಿ ತೊಳದಿದ್ದೆ. ಡಬ್ಬಿ ಬಿಚ್ಚಿ ಕುಂಕುಮ ಹಚ್ಚಿದ್ದೆ. ಅದಕ್ಕೇನರೆ ಆತೇನೋ ತಮ್ಮಾ? ಖರೇ ಹೇಳು. ನಿನ್ನ ಕಾಲ ಬೀಳತೇನಿ, ಖರೇ ಹೇಳು."

ಸುಮೇಧ ಅವನ ಮುಖವನ್ನು ನೋಡಿದ. ಜಕ್ಕಪ್ಪನ ಹಲ್ಲಿನಲ್ಲಿ ಇನ್ನೂ ಪೂಜೆಯ ದಾರದ ಎಳೆ ಸಿಕ್ಕಿಕೊಂಡಿತ್ತು.

"ನೀರಿಗೆ ಏನೂ ಆಗಿಲ್ಲ ಜಕ್ಕಣ್ಣಾ. ಮುಂಜಾನಿ ಗಾಡಿ ಹತ್ತಿಸಿ ನೋಡಿದ ಮ್ಯಾಲ ನಾನ ಒಂದ ವಾಯರ್ ಅದಲಿ ಬದಲಿ ಹಚ್ಚಿದ್ದೆ. ನನ್ನ ಕೈ ತಪ್ಪಿತು."

ಆ ಸುಳ್ಳು ಕೇಳಿ ನಾನು ಎದ್ದು ನಿಂತೆ. ಸುಮೇಧ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದ. ಹೊರಗೆ ಕರಕೊಂಡು ಹೋಗಿ, "ಅಕ್ಕಾ, ಸಾರಿಕಾನ ಆಣಿ ಐತಿ ನಿಮಗ. ಈ ಮಾತ ಹೊರಗ ಬಿದ್ದ ದಿನಾ ಅಂವ ಹಗ್ಗ ಹುಡಕತಾನ. ಒಂದ ಜೀವ ಹೋಗೇತಿ, ಸಾಕು" ಎಂದ. ಹೆಂಡತಿ ಒಳಗೆ ಪ್ರಜ್ಞೆ ಇಲ್ಲದೆ ಬಿದ್ದಿರುವಾಗ ಅವಳದೇ ಆಣೆ ಹಾಕಿದ. ಇವನನ್ನು ಏನೆಂದು ಬೈಯಲಿ? ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ನಿಂತು ಕೇಳಿಸಿಕೊಂಡ.

ದಸರಾ ದಿನ ಬಿಸಿಲಿಗೆ ಎಲ್ಲ ಒಣ ಒಣ. ತಪ್ಪಿದ ವಾಯರನ್ನು ಕಡೆಗೆ ಸರಿ ಮಾಡಿದ್ದೆ ಎಂದು ಸುಮೇಧ ಫೋನಿನಲ್ಲಿ ಸುಳ್ಳು ಹೇಳಿದ್ದ, ರೋಹನ ಬಂದು ಕಿಡಿ ಪ್ಲಗ್ಗು ಕೂಡಿಸಿ ಪೆಟ್ಟಿಗೆಯ ಪ್ಲಗ್ಗು ಚುಚ್ಚಿ ಕೀಲಿ ತಿರುವಿದ. ಒಂದೇ ಏಟಿಗೆ ಹೊತ್ತಿಕೊಂಡಿತು. ಶೆಡ್ಡಿನ ಮುಂದೆ ನೆರೆದ ಮಂದಿಯೆಲ್ಲ ನೋಡಿದರು. ಪೆಟ್ಟಿಗೆ ಸರಿಯಾಗೇ ಇದೆ, ಹಾಗಾದರೆ ಕೈಯೇ ಸರಿ ಇಲ್ಲ ಎಂದು ಊರು ಆ ದಿನವೇ ತೀರ್ಮಾನ ಮಾಡಿತು. ರೋಹನ ಏನೂ ಅನ್ನಲಿಲ್ಲ, ಗಾಡಿಯನ್ನು ಕೊಲ್ಹಾಪುರಕ್ಕೆ ಒಯ್ದ, ಮತ್ತೆ ಇತ್ತ ತರಲಿಲ್ಲ. ಸಾಂಗಲಿ, ರಾಯಬಾಗ, ಚಿಕ್ಕೋಡಿಯಿಂದ ಸುಮೇಧನನ್ನು ಹುಡುಕಿ ಬರುತ್ತಿದ್ದ ಕಾರುಗಳೂ ಒಂದೊಂದಾಗಿ ನಿಂತವು. ತನ್ನ ಹೆಂಡತಿ ಕೂಡುವ ಗಾಡಿಗೇ ವಾಯರು ತಪ್ಪಿ ಹಚ್ಚಿದವನ ಕೈಗೆ ಯಾರು ಗಾಡಿ ಕೊಡುತ್ತಾರೆ?

ಈ ಮಾತನ್ನು ಊರ ತುಂಬ ಹರಡಿದವನು ಯಾರು ಗೊತ್ತೇ? ಜಕ್ಕಪ್ಪನೇ. ಕೇಡಿನಿಂದ ಅಲ್ಲ. ಸುಮೇಧನನ್ನು ಯಾರಾದರೂ ಅಂದರೆ ಅಡ್ಡ ಬರುತ್ತಿದ್ದ. "ಏನೋ ಪಾಪ, ಒಂದ ವಾಯರ್ ತಪ್ಪೇತಿ. ಮನಷ್ಯಾನ ಕೈ ಐತಿ, ತಪ್ಪತೈತಿ. ಅಂವಗ ಏನೂ ಅನಬ್ಯಾಡ್ರಿ" ಎಂದು ಕಂಡ ಕಂಡವರಿಗೆಲ್ಲ ಕೈ ಮುಗಿದು ಹೇಳುತ್ತಿದ್ದ. ಅದು ಕೇಳಿಸಿದಾಗಲೆಲ್ಲ ನನ್ನ ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು.

ಸಾರಿಕಾ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು. ನಾನು ಅವಳಿಗೆ ಗಂಜಿ ಒಯ್ದಿದ್ದೆ, ಅಲ್ಲೇ ಇದ್ದೆ.

"ಊರಾಗ ಅಂತಾರಲ್ಲ, ಖರೇ ಏನು? ನಿಮ್ಮ ಕೈ ತಪ್ಪಿತ್ತೇನು?"

"ಹೂಂ" ಎಂದ ಅವನು.

"ವಾರಗಟ್ಟಲೆ ಅದರ ಮುಂದ ಕುಂತ್ರಿ. ನಿನ್ನ ಸಲುವಾಗಿ ಅಂದ್ರಿ. ನಾ ಒಳಗ ರಕ್ತದಾಗ ಬಿದ್ದಿದ್ದೆ, ನೀವು ಈಗ ಆಗತೈತಿ ಈಗ ಆಗತೈತಿ ಅಂತ ನನ್ನ ಹಿಡದ ಕುಂಡ್ರಿಸಿದ್ರಿ. ನಿಮಗ ಆ ಗಾಡಿ ಹೆಚ್ಚಾತು."

ಅವನು ಮನೆಯ ಗೋಡೆಯ ಮೇಲಿನ ಬುದ್ಧನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಗಾಡಿಯಲ್ಲಿ ಅವಳನ್ನು ಹಿಡಿದು ಕೂಡಿಸಿದ್ದಂತೂ ನಿಜವೇ ಆಗಿತ್ತು. ಸಾರಿಕಾ ಆ ವಾರವೇ ಪಾಲಬಾವಿಗೆ, ತವರಿಗೆ ಹೋದಳು. ಆಮೇಲೆ ಅಲ್ಲಿನ ಅಂಗನವಾಡಿಗೇ ಬದಲಿ ಮಾಡಿಸಿಕೊಂಡಳು. ಗಂಡನನ್ನು ಬಿಡುವ ಸೋಡಚೀಟಿ ಕೇಳಲಿಲ್ಲ, ಮರಳಿ ಬರಲೂ ಇಲ್ಲ. ಸುಮೇಧ ಒಂದೆರಡು ವರ್ಷ ಪಾಲಬಾವಿಗೆ ಹೋಗುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ಚಹಾ ಕೊಟ್ಟು ಕಳಿಸುತ್ತಿದ್ದಳು. ಹೋಗುವುದು ಕಡಿಮೆಯಾಯಿತು, ನಿಂತೇ ಹೋಯಿತು.

ಲ್ಯಾಪ್‌ಟಾಪು ಮಾರಿದ. ಮತ್ತೆ ಮೊದಲಿನ ಹಾಗೆ ಹೊಳೆಯ ದಂಡೆಯ ಪಂಪುಗಳ ಸ್ಟಾರ್ಟರು ರಿಪೇರಿ, ಸುಟ್ಟ ಮೋಟಾರಿನ ವೈಂಡಿಂಗು. ತಲೆ ಬೆಳ್ಳಗಾಯಿತು. ನಡುವೆ ನಮ್ಮ ಕಡೆ ದೊಡ್ಡ ದೊಡ್ಡ ಕಾರುಗಳು ಬಂದವು, ಕಬ್ಬಿನ ಗದ್ದೆಯವರೆಲ್ಲ ಪರದೇಶದ ಗಾಡಿ ಹತ್ತಿದರು. ಅವುಗಳಿಗೆ ಏನಾದರೂ ಆದರೆ ಕೊಲ್ಹಾಪುರಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ನನ್ನ ಖಾನಾವಳಿಯ ಮುಂದೆಯೇ ಎಳೆದುಕೊಂಡು ಹೋಗುತ್ತಿದ್ದರು. ಸುಮೇಧ ಬೆಂಚಿನ ಮೇಲೆ ಕೂತು ಉಣ್ಣುತ್ತ, ಅವು ಹೋಗುವುದನ್ನು ನೋಡುತ್ತ, ಮತ್ತೆ ತಾಟಿಗೆ ಮುಖ ಹಾಕುತ್ತಿದ್ದ. ಮಗ್ಗುಲಿಗೆ ಜಕ್ಕಪ್ಪ. ಅವನು ತನ್ನ ಪಾಲಿನ ಶೇಂಗಾ ಚಟ್ನಿಯನ್ನೂ ಸುಮೇಧನ ತಾಟಿಗೆ ಸುರಿಯುತ್ತಿದ್ದ. ಇಬ್ಬರನ್ನೂ ನೋಡಿದರೆ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ಹೋದ ವರ್ಷ, 2018ರಲ್ಲಿ, ಜಕ್ಕಪ್ಪ ಎದೆ ಹಿಡಿದುಕೊಂಡು ಶೆಡ್ಡಿನಲ್ಲೇ ಬಿದ್ದ. ಮಣ್ಣು ಮುಗಿಸಿ ಬಂದ ಮೇಲೆ ನಾನು ಸುಮೇಧನನ್ನು ಜಕ್ಕಪ್ಪನ ಮನೆಯ ಹಿತ್ತಲಿಗೆ ಕರೆದೆ.

"ಇನ್ನರೆ ಸಾರಿಕಾಗ ಹೇಳು. ಕೇಳಿ ಎದಿ ಒಡಕೊಳ್ಳಾಕ ಅಂವ ಇಲ್ಲ. ನಿನ್ನ ಆಣಿ ಮುಗೀತು."

ಅವನು ಕೈಕಾಲಿನ ಮಣ್ಣು ತೊಳೆದುಕೊಳ್ಳುತ್ತಿದ್ದ. "ಅಂವ ಬದುಕಿದ್ದಾಗ ಹೇಳಿದ್ರ ಅಳತಿದ್ದ, ಬಡಕೋತಿದ್ದ, ಏನರೆ ಉತ್ತರ ಕೊಡತಿದ್ದ. ಈಗ ಹೇಳಿದ್ರ ಸತ್ತವನ ಮ್ಯಾಲ ಹಾಕಿ ಪಾರಾದ ಅಂತಾರ ಅಕ್ಕಾ. ಸಾರಿಕಾನೂ ಅದನ್ನ ಅಂತಾಳ. ಹೇಳೂ ಹೊತ್ತು ದಾಟಿತು."

ನಿನ್ನ ಕೈಲಾಗದಿದ್ದರೆ ನಾನು ಹೇಳುತ್ತೇನೆ ಎಂದು ನಾನು ಗಟ್ಟಿ ಮಾಡಿಕೊಂಡೆ.

ಮರುದಿನ ಸಾರಿಕಾ ಸಾವಿನ ಮನೆಯವರನ್ನು ಮಾತಾಡಿಸಲು ಬಂದಳು. ಜಕ್ಕಪ್ಪನ ಹೆಂಡತಿ ಮಂಗಲಳ ಮಗ್ಗುಲಿಗೆ ಚಾಪೆಯ ಮೇಲೆ ಕೂತಳು. ಸುಮೇಧ ಬಂದವರಿಗೆಲ್ಲ ನೀರು ಕೊಡುತ್ತ ಓಡಾಡುತ್ತಿದ್ದ. ಅವಳ ಮುಂದೂ ತಂಬಿಗೆ ಇಟ್ಟ. ಅವಳು ತಲೆ ಎತ್ತಲಿಲ್ಲ, ಅವನು ಬಾಗಿಲ ಹತ್ತಿರ ಹೋಗಿ ನಿಂತ. ಮಂದಿ ತುಸು ಕಡಿಮೆಯಾದ ಮೇಲೆ ಇದೇ ಹೊತ್ತು ಎಂದು ನಾನು ಸಾರಿಕಾಳ ಎದುರಿಗೆ ಸರಿದು ಕೂತೆ. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಅವಳೇ ಮಂಗಲಳ ಕೈ ಹಿಡಿದು ಮಾತು ಶುರು ಮಾಡಿದಳು.

"ವೈನಿ, ಆ ಖಂಡೇನವಮಿ ದಿನಾ ಅಣ್ಣ ನನ್ನ ಹೆಸರ ಹೇಳಿ ಗಾಡಿಗೆ ಕಾಯಿ ಒಡದಿದ್ದನಂತ. ನನಗ ದೇವರು ದಿಂಡರು ಅನ್ನೂ ನಂಬಿಗಿ ಇಲ್ಲ, ನಿಮಗ ಗೊತ್ತೈತಿ. ಆದ್ರ ನಾ ಹನ್ನೊಂದ ವರ್ಷ ಒಂದ ಮಾತ ಹಿಡಕೊಂಡ ಬದುಕೇನಿ. ನನ್ನ ಸಲುವಾಗಿ, ನನ್ನ ಕೂಸಿನ ಸಲುವಾಗಿ, ಮನಸಿನಿಂದ ಏನರೆ ಮಾಡಿದವ್ರು ಯಾರರೆ ಇದ್ರ, ಅದು ಅಂವ ಒಬ್ಬನ."

ಮಂಗಲ ಅವಳ ಹೆಗಲಿಗೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಸತ್ತಂದಿನಿಂದ ಅವಳು ಹಾಗೆ ಅತ್ತಿರಲಿಲ್ಲ. ನಾನು ತೆರೆದ ಬಾಯಿ ಹಾಗೇ ಮುಚ್ಚಿಕೊಂಡೆ.

"ಹೌದು" ಎಂದ ಸುಮೇಧ ಬಾಗಿಲಿನಿಂದ. "ಅಂವ ಒಬ್ಬನ."